ಲಿಫ್ಟಿನ ಮೋಟಾರು ಎಳೆಯುವುದು ಏನನ್ನು?

ಎಂಟು ಜನ ಹಿಡಿಸುವ ಲಿಫ್ಟನ್ನು ನೀವು ಹತ್ತಿಯೇ ಇರುತ್ತೀರಿ. ಒಳಗಿನ ಫಲಕದಲ್ಲಿ ‘8 ಜನ, 544 ಕೆ.ಜಿ.’ ಎಂದು ಬರೆದಿರುತ್ತದೆ. ತಲೆಗೆ 68 ಕೆ.ಜಿ. ಎಂಬ ಲೆಕ್ಕ ಅದು. ಆ ಲಿಫ್ಟಿನ ಮೋಟಾರಿಗೆ ಹೆಚ್ಚು ಶ್ರಮ ಯಾವಾಗ ಎಂದು ಕೇಳಿದರೆ, ಎಂಟೂ ಜನರನ್ನು ತುಂಬಿಕೊಂಡು ಮೇಲೇರುವಾಗ ಎನ್ನುತ್ತೀರಿ. ಸರಿಯಾದ ಉತ್ತರ. ಕಡಿಮೆ ಶ್ರಮ ಯಾವಾಗ? ಲಿಫ್ಟು ಖಾಲಿ ಇರುವಾಗ ಎಂದು ಬಹಳಷ್ಟು ಜನ ಹೇಳುತ್ತಾರೆ. ಅದು ಸರಿಯಲ್ಲ. ಖಾಲಿ ಲಿಫ್ಟನ್ನು ಕೆಳಗಿಳಿಸಲು ಮೋಟಾರು ಪಡುವ ಶ್ರಮ, ತುಂಬಿದ ಲಿಫ್ಟನ್ನು ಮೇಲೆತ್ತುವ ಶ್ರಮಕ್ಕೆ ಹೆಚ್ಚುಕಡಿಮೆ ಸಮ.

ಇದು ವಿಚಿತ್ರವೆನಿಸಿದರೆ ಒಳ್ಳೆಯದೇ ಆಯಿತು; ಕಲಿಯಲು ಅಷ್ಟು ಕುತೂಹಲ ಸಾಕು. ಯಂತ್ರವೊಂದು ನಿಂತಲ್ಲಿಂದ ಹೊರಟು ವೇಗ ಪಡೆಯುವಾಗ ಮೋಟಾರಿನ ಪಾಲೆಷ್ಟು, ಹೊರೆಯ ಪಾಲೆಷ್ಟು ಎಂಬುದನ್ನು ಈ ಲೇಖನದಲ್ಲಿ ಲಿಫ್ಟೊಂದನ್ನೇ ಹಿಡಿದುಕೊಂಡು ನೋಡೋಣ. ಕಾರು, ಕ್ರೇನು, ಮೆಟ್ರೊ ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದಿತ್ತು. ಆದರೆ ಹೊರೆಯು ಮೋಟಾರನ್ನು ಕಾಡುವ ಎರಡು ಬಗೆಗಳು ಲಿಫ್ಟಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ನಿಮಗೆ ಕೂಡಿಸುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು. ಪಕ್ಕದಲ್ಲೊಂದು ಹಾಳೆ, ಪೆನ್ನು ಇಟ್ಟುಕೊಳ್ಳಿ.

ಮೊದಲು ವೇಗೋತ್ಕರ್ಷ. ಲಿಫ್ಟು ನೆಲಮಹಡಿಯಲ್ಲಿ ನಿಂತಿದೆ, ವೇಗ ಸೊನ್ನೆ. ಬಾಗಿಲು ಮುಚ್ಚಿತು, ಹೊರಟಿತು. ಎರಡು ಸೆಕೆಂಡು ಕಳೆಯುವಷ್ಟರಲ್ಲಿ ಅದರ ವೇಗ ಸೆಕೆಂಡಿಗೆ 1 ಮೀಟರ್ ಆಯಿತು. ಸಾಧಾರಣ ವಸತಿ ಕಟ್ಟಡದ ಲಿಫ್ಟುಗಳು ಆ ಆಸುಪಾಸಿನ ವೇಗದಲ್ಲೇ ಓಡುತ್ತವೆ. ಎರಡು ಸೆಕೆಂಡಿನಲ್ಲಿ 1 ಹೆಚ್ಚಿತು ಎಂದರೆ ಪ್ರತಿ ಸೆಕೆಂಡಿಗೆ ಅರ್ಧದಂತೆ ಹೆಚ್ಚಿತು. ವೇಗವು ಹೀಗೆ ಸೆಕೆಂಡು ಸೆಕೆಂಡಿಗೆ ಏರುವ ದರವೇ ವೇಗೋತ್ಕರ್ಷ. ನಮ್ಮ ಲಿಫ್ಟಿನ ವೇಗೋತ್ಕರ್ಷ 0.5. ಒಮ್ಮೆ ಪೂರ್ಣ ವೇಗ ಬಂದಮೇಲೆ, ಅದು ಎಷ್ಟೇ ಜೋರಾಗಿ ಓಡುತ್ತಿದ್ದರೂ, ವೇಗೋತ್ಕರ್ಷ ಸೊನ್ನೆ. ಹೊಸದಾಗಿ ಕಲಿಯುವವರು ಎಡವುವುದು ಇಲ್ಲೇ: ವೇಗ ಬೇರೆ, ವೇಗ ಏರುವುದು ಬೇರೆ. ಮೋಟಾರಿಗೆ ಹೆಚ್ಚುವರಿ ಬಲ ಬೇಕಾಗುವುದು ವೇಗ ಏರುವಾಗ ಮಾತ್ರ.

ಎಷ್ಟು ಬಲ? ಇದಕ್ಕೆ ನ್ಯೂಟನ್ 1687ರಲ್ಲೇ ನಿಯಮ ಕೊಟ್ಟಿದ್ದಾನೆ. ಬೇಕಾದ ಬಲವೆಂದರೆ ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿದಷ್ಟು. ಬಲವನ್ನು ಅಳೆಯುವ ಮಾನಕ್ಕೂ ಅವನದೇ ಹೆಸರು: 1 ಕೆ.ಜಿ. ವಸ್ತುವಿನ ವೇಗವನ್ನು ಪ್ರತಿ ಸೆಕೆಂಡೂ ಸೆಕೆಂಡಿಗೆ 1 ಮೀಟರಿನಷ್ಟು ಏರಿಸುವ ಬಲ 1 ನ್ಯೂಟನ್.

ದ್ರವ್ಯರಾಶಿ ಎಂದೊಡನೆ ಅದು ತೂಕದ ಇನ್ನೊಂದು ಹೆಸರೆಂದು ತಿಳಿಯಬೇಡಿ. ಇವೆರಡನ್ನು ಬೇರ್ಪಡಿಸಿ ನೋಡುವುದೇ ಈ ಪಾಠದ ತಿರುಳು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ. ಸಮತಟ್ಟಾದ ಹಳಿಯ ಮೇಲೆ ಒಂದು ರೈಲು ಡಬ್ಬಿ ನಿಂತಿದೆ. ಅದರ ತೂಕವನ್ನೆಲ್ಲ ಹಳಿ ಹೊತ್ತಿದೆ. ನೀವು ಎತ್ತಬೇಕಾದದ್ದು ಏನೂ ಇಲ್ಲ. ಆದರೂ ತಳ್ಳಿ ನೋಡಿ, ಅದು ಮಿಸುಕುವುದೇ ಕಷ್ಟ. ಹೊರಟಮೇಲೆ ನಿಲ್ಲಿಸುವುದೂ ಕಷ್ಟ. ಇದ್ದ ಸ್ಥಿತಿಯಲ್ಲೇ ಇರುತ್ತೇನೆ ಎನ್ನುವ ಈ ಹಟಕ್ಕೆ ಜಡತ್ವವೆಂದು ಹೆಸರು, ಆ ಹಟದ ಅಳತೆಯೇ ದ್ರವ್ಯರಾಶಿ. ತೂಕವೆನ್ನುವುದು ಭೂಮಿ ಆ ವಸ್ತುವನ್ನು ಕೆಳಕ್ಕೆಳೆಯುವ ಬಲ, ಪ್ರತಿ ಕೆ.ಜಿ.ಗೆ 9.8 ನ್ಯೂಟನ್. ಹಳಿಯ ಮೇಲಿನ ಡಬ್ಬಿಯಲ್ಲಿ ತೂಕ ನಮ್ಮ ದಾರಿಗೆ ಅಡ್ಡ ಬರುವುದಿಲ್ಲ, ಜಡತ್ವ ಬರುತ್ತದೆ. ನೇರ ಮೇಲಕ್ಕೆ ಎತ್ತುವ ಯಂತ್ರದಲ್ಲಿ ಎರಡೂ ಬರುತ್ತವೆ.

ಇನ್ನು ಮೋಟಾರಿನ ಕಡೆ ಬರೋಣ. ಮೋಟಾರು ಎಳೆಯುವುದಿಲ್ಲ, ತಿರುಗಿಸುತ್ತದೆ. ತಿರುಗಿಸುವ ಸಾಮರ್ಥ್ಯವನ್ನು ಬರಿಯ ಬಲದಿಂದ ಹೇಳಲಾಗದು. ಲಾರಿಯ ಚಕ್ರದ ನಟ್ಟು ತುಕ್ಕು ಹಿಡಿದು ಕೂತಾಗ ಮೆಕ್ಯಾನಿಕ್ಕು ಏನು ಮಾಡುತ್ತಾನೆ? ಸ್ಪ್ಯಾನರಿನ ಹಿಡಿಗೆ ಉದ್ದನೆಯ ಕಬ್ಬಿಣದ ಪೈಪು ತೂರಿಸಿ, ಅದರ ತುದಿಯನ್ನು ತುಳಿಯುತ್ತಾನೆ. ಅವನ ಬಲ ಹೆಚ್ಚಲಿಲ್ಲ. ಬಲ ಬಿದ್ದ ಜಾಗ ನಟ್ಟಿನಿಂದ ದೂರವಾಯಿತು. ಬಲವನ್ನು ಆ ದೂರದಿಂದ ಗುಣಿಸಿದರೆ ಬರುವುದೇ ಟಾರ್ಕ್, ಅಂದರೆ ತಿರುಗಿಸುವ ಬಲ. ಬಲ ನ್ಯೂಟನ್‌ನಲ್ಲಿ, ದೂರ ಮೀಟರಿನಲ್ಲಿ; ಹಾಗಾಗಿ ಟಾರ್ಕಿನ ಮಾನ ನ್ಯೂಟನ್-ಮೀಟರ್. 100 ನ್ಯೂಟನ್ ಬಲವನ್ನು ಅರ್ಧ ಮೀಟರ್ ದೂರದಲ್ಲಿ ಹಾಕಿದರೆ ಟಾರ್ಕ್ 50.

ಲಿಫ್ಟಿನಲ್ಲಿ ಈ ಲೆಕ್ಕ ತಿರುವುಮುರುವು. ಅಲ್ಲಿ ನಡುವಿನ ದಂಡ ತಿರುಗುತ್ತದೆ, ಅದಕ್ಕೆ ಕೂಡಿಸಿದ ದೊಡ್ಡ ರಾಟೆಯ ಅಂಚಿನಲ್ಲಿ ಉಕ್ಕಿನ ಹಗ್ಗ ಕೂತಿರುತ್ತದೆ. ಟಾರ್ಕನ್ನು ರಾಟೆಯ ತ್ರಿಜ್ಯದಿಂದ ಭಾಗಿಸಿದರೆ ಹಗ್ಗಕ್ಕೆ ಸಿಗುವ ಎಳೆತ ಬರುತ್ತದೆ. ಹೀಗಾಗಿ ಅದೇ ಟಾರ್ಕಿಗೆ ರಾಟೆ ಚಿಕ್ಕದಾದಷ್ಟೂ ಎಳೆತ ಹೆಚ್ಚು. ಹಾಗಾದರೆ ಅಂಗೈ ಅಗಲದ ರಾಟೆ ಹಾಕಬಾರದೇಕೆ? ಹಗ್ಗ ಒಪ್ಪುವುದಿಲ್ಲ. ಉಕ್ಕಿನ ಎಳೆಗಳು ಬಿಗಿಯಾದ ತಿರುವಿನಲ್ಲಿ ಮತ್ತೆ ಮತ್ತೆ ಬಾಗಿದರೆ ದಣಿದು ಮುರಿಯುತ್ತವೆ. ರಾಟೆಯ ವ್ಯಾಸ ಹಗ್ಗದ ವ್ಯಾಸದ ಕನಿಷ್ಠ 40 ಪಟ್ಟು ಇರಬೇಕೆಂಬುದು ಲಿಫ್ಟು ಕಟ್ಟುವವರ ಹಳೆಯ ನಿಯಮ. 10 ಮಿ.ಮೀ. ಹಗ್ಗಕ್ಕೆ 400 ಮಿ.ಮೀ. ರಾಟೆ, ಅಂದರೆ 0.2 ಮೀಟರ್ ತ್ರಿಜ್ಯ. ನಮ್ಮ ಲೆಕ್ಕಕ್ಕೂ ಇದನ್ನೇ ಇಟ್ಟುಕೊಳ್ಳೋಣ.

ಹಗ್ಗದ ಒಂದು ತುದಿಯಲ್ಲಿ ನೀವು ನಿಲ್ಲುವ ಕ್ಯಾಬಿನ್. ಇನ್ನೊಂದು ತುದಿಯಲ್ಲಿ? ಅಲ್ಲಿರುವುದನ್ನು ಲಿಫ್ಟಿನೊಳಗೆ ನಿಂತವರು ಎಂದೂ ಕಾಣುವುದಿಲ್ಲ. ಕಬ್ಬಿಣದ ಚೌಕಟ್ಟೊಂದರಲ್ಲಿ ಒಂದರ ಮೇಲೊಂದು ಪೇರಿಸಿದ ಎರಕದ ಅಥವಾ ಕಾಂಕ್ರೀಟಿನ ದಪ್ಪ ಬಿಲ್ಲೆಗಳು. ಕ್ಯಾಬಿನ್ ಮೇಲೇರಿದಂತೆ ಅದು ಹಿಂಬದಿಯ ಗೋಡೆಯುದ್ದಕ್ಕೂ ಇಳಿಯುತ್ತದೆ, ಕ್ಯಾಬಿನ್ ಇಳಿದಂತೆ ಏರುತ್ತದೆ. ಇದು ಕೌಂಟರ್‌ವೇಟ್. ಇದರ ತೂಕ ಸಾಮಾನ್ಯವಾಗಿ ಖಾಲಿ ಕ್ಯಾಬಿನ್ನಿನ ತೂಕಕ್ಕೆ ಪೂರ್ಣ ಹೊರೆಯ ಸುಮಾರು ಅರ್ಧವನ್ನು ಸೇರಿಸಿದಷ್ಟು. ನಮ್ಮ ಲಿಫ್ಟಿನ ಖಾಲಿ ಕ್ಯಾಬಿನ್ 600 ಕೆ.ಜಿ. ಇದೆ ಎಂದುಕೊಳ್ಳಿ. 544ರ ಅರ್ಧ 272. ಕೌಂಟರ್‌ವೇಟ್ 872 ಕೆ.ಜಿ.

ಕೇಂಬ್ರಿಜ್‌ನ ಜಾರ್ಜ್ ಅಟ್‌ವುಡ್ 1784ರಲ್ಲಿ ಪ್ರಕಟಿಸಿದ ಉಪಕರಣವೊಂದು ಇಂದಿಗೂ ಭೌತಶಾಸ್ತ್ರದ ಪ್ರಯೋಗಶಾಲೆಗಳಲ್ಲಿದೆ: ಒಂದು ರಾಟೆ, ಅದರ ಮೇಲೊಂದು ದಾರ, ದಾರದ ಎರಡು ತುದಿಗೆ ಎರಡು ಬಟ್ಟುಗಳು. ಅಷ್ಟೇ. ಲಿಫ್ಟೆಂದರೆ ಮೋಟಾರು ಕೂಡಿಸಿದ ಅಟ್‌ವುಡ್ ಯಂತ್ರ ಎಂದು ನಾನು ವಿದ್ಯಾರ್ಥಿಗಳಿಗೆ ಧೈರ್ಯವಾಗಿ ಹೇಳುತ್ತೇನೆ. ಆ ಪುಟ್ಟ ಉಪಕರಣದಲ್ಲಿ ಎರಡು ಸಂಗತಿ ಗಮನಿಸಿ. ಭೂಮಿಯ ಸೆಳೆತದ ಮಟ್ಟಿಗೆ ಲೆಕ್ಕಕ್ಕೆ ಬರುವುದು ಎರಡು ಬಟ್ಟುಗಳ ವ್ಯತ್ಯಾಸ, ಏಕೆಂದರೆ ಒಂದರ ತೂಕ ಇನ್ನೊಂದರ ತೂಕವನ್ನು ಹೊಡೆದುಹಾಕುತ್ತದೆ. ಆದರೆ ಜಡತ್ವದ ಮಟ್ಟಿಗೆ ಬರುವುದು ಎರಡರ ಮೊತ್ತ, ಏಕೆಂದರೆ ಒಂದು ಕೆಳಗಿಳಿಯಲಿ ಇನ್ನೊಂದು ಮೇಲೇರಲಿ, ವೇಗ ಪಡೆಯಬೇಕಾದದ್ದು ಎರಡೂ. ತೂಕಗಳು ಒಂದನ್ನೊಂದು ಕಳೆಯುತ್ತವೆ, ಜಡತ್ವಗಳು ಕೂಡುತ್ತವೆ. ಹಾಳೆಯ ಮೇಲೆ ಎರಡು ಸಾಲು ಮಾಡಿಕೊಳ್ಳಿ, ಒಂದಕ್ಕೆ ವ್ಯತ್ಯಾಸ, ಇನ್ನೊಂದಕ್ಕೆ ಮೊತ್ತ.

ಮೋಟಾರಿನ ಟಾರ್ಕ್ ಖರ್ಚಾಗುವ ಕ್ರಮ ತಿಂಗಳ ಸಂಬಳ ಖರ್ಚಾಗುವ ಕ್ರಮದಂತೆ. ಮೊದಲು ಕಟ್ಟಲೇಬೇಕಾದ ಬಾಬತ್ತುಗಳು: ಘರ್ಷಣೆ, ತೂಕದ ವ್ಯತ್ಯಾಸ. ಅವು ಹೋಗಿ ಕೈಯಲ್ಲಿ ಉಳಿದಷ್ಟರಲ್ಲೇ ವೇಗ ಏರಿಸಬೇಕು. ‘ಜೋರಾದ ಮೋಟಾರು’ ಎಂಬ ಮಾತಿನಿಂದ ಹೆಚ್ಚೇನೂ ತಿಳಿಯುವುದಿಲ್ಲ. ಬಾಬತ್ತುಗಳೆಲ್ಲ ಹೋಗಿ ಎಷ್ಟು ಮಿಕ್ಕಿತು, ಆ ಮಿಕ್ಕಿದ್ದು ಎಷ್ಟು ದ್ರವ್ಯರಾಶಿಗೆ ಹಂಚಿಹೋಗಬೇಕು ಎಂದು ಕೇಳಬೇಕು.

ಲೆಕ್ಕಕ್ಕೆ ಇಳಿಯೋಣ. ಘರ್ಷಣೆಯನ್ನು ಸದ್ಯಕ್ಕೆ ಬದಿಗಿಡಿ. ಲಿಫ್ಟು ತುಂಬಿದೆ, ಮೇಲೆ ಹೋಗಬೇಕು. ಒಂದು ಬದಿ 600 ಮತ್ತು 544 ಸೇರಿ 1,144 ಕೆ.ಜಿ., ಇನ್ನೊಂದು ಬದಿ 872. ವ್ಯತ್ಯಾಸ 272. ಅದನ್ನು 9.8ರಿಂದ ಗುಣಿಸಿದರೆ ಸುಮಾರು 2,666 ನ್ಯೂಟನ್. ಇದು ಪ್ರಯಾಣದುದ್ದಕ್ಕೂ ಇರುವ ಖರ್ಚು. ಈಗ ಮೊತ್ತ: 1,144 ಮತ್ತು 872 ಸೇರಿ 2,016 ಕೆ.ಜಿ. 0.5ರ ವೇಗೋತ್ಕರ್ಷಕ್ಕೆ 1,008 ನ್ಯೂಟನ್. ಇದು ಮೊದಲ ಎರಡು ಸೆಕೆಂಡಿನ ಖರ್ಚು. ಎರಡೂ ಸೇರಿ 3,674 ನ್ಯೂಟನ್; ತ್ರಿಜ್ಯ 0.2ರಿಂದ ಗುಣಿಸಿದರೆ ರಾಟೆಯಲ್ಲಿ ಸುಮಾರು 735 ನ್ಯೂಟನ್-ಮೀಟರ್ ಟಾರ್ಕ್ ಬೇಕು. ಪೂರ್ಣ ವೇಗ ಬಂದಮೇಲೆ 533 ಸಾಕು.

ಅದೇ ಲಿಫ್ಟಿನಲ್ಲಿ ಈಗ ನಾಲ್ವರು ನಿಂತಿದ್ದಾರೆ. ಎರಡೂ ಬದಿ 872. ವ್ಯತ್ಯಾಸ ಸೊನ್ನೆ. ಭೂಮಿಯ ಸೆಳೆತ ಇದ್ದರೂ ಇಲ್ಲದಂತಾಯಿತು. ಬ್ರೇಕ್ ಬಿಟ್ಟರೂ ಲಿಫ್ಟು ಎತ್ತ ಹೋಗಬೇಕೆಂದು ತಿಳಿಯದೆ ಇದ್ದಲ್ಲೇ ಇರುತ್ತದೆ. ಹಾಗೆಂದು ಅದನ್ನು ಹೊರಡಿಸಲು ಬಲವೇ ಬೇಡವೆ? ಬೇಕು. ಮೊತ್ತ 1,744 ಕೆ.ಜಿ. ಹಾಗೇ ಇದೆ, 872 ನ್ಯೂಟನ್ ಬೇಕೇ ಬೇಕು. ತೂಕ ಲೆಕ್ಕದಿಂದ ಪೂರ್ತಿ ಹೊರಗೆ ಹೋದರೂ ಜಡತ್ವದಲ್ಲಿ ಒಂದು ಕೆ.ಜಿ.ಯೂ ತಗ್ಗಲಿಲ್ಲ. ರೈಲು ಡಬ್ಬಿಯಲ್ಲಿ ನೋಡಿದ್ದು ನೇರವಾಗಿ ಏರುವ ಯಂತ್ರದಲ್ಲೂ ಕಾಣಿಸಿಕೊಂಡಿತು. ಈ ಲೆಕ್ಕವನ್ನು ಒಮ್ಮೆ ನಿಮ್ಮ ಕೈಯಲ್ಲೇ ಮಾಡಿ ನೋಡಿ. ಓದಿದ್ದಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ.

ಖಾಲಿ ಲಿಫ್ಟಿಗೆ ಬರೋಣ. ಒಂದು ಬದಿ 600, ಇನ್ನೊಂದು ಬದಿ 872. ವ್ಯತ್ಯಾಸ ಮತ್ತೆ 272, ಆದರೆ ಈ ಸಲ ಭಾರ ಕೌಂಟರ್‌ವೇಟ್ ಕಡೆಗೆ. ಕ್ಯಾಬಿನ್ನನ್ನು ಕೆಳಗಿಳಿಸುವುದೆಂದರೆ ಆ ಹೆಚ್ಚುವರಿ 272 ಕೆ.ಜಿ.ಯನ್ನು ಹಿಂಬದಿಯಲ್ಲಿ ಮೇಲೆತ್ತುವುದು. ನಿಜವಾದ ಹೊರೆ ನಿಮ್ಮ ಕಣ್ಣಿಗೆ ಬೀಳದ ಜಾಗದಲ್ಲಿದೆ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ. ಖಾಲಿ ಲಿಫ್ಟು ಮೇಲೆ ಹೋಗುವಾಗ ಇದಕ್ಕೆ ವಿರುದ್ಧ: ಕೌಂಟರ್‌ವೇಟ್ ತಾನೇ ಇಳಿದು ಕ್ಯಾಬಿನ್ನನ್ನು ಎಳೆದೊಯ್ಯುತ್ತದೆ, ಮೋಟಾರು ಅದನ್ನು ಹಿಡಿದು ತಡೆಯಬೇಕು. ಹಾಗೆ ತಡೆಯುವಾಗ ಮೋಟಾರು ಜನರೇಟರಿನಂತೆ ವರ್ತಿಸಿ ವಿದ್ಯುತ್ತನ್ನು ಹಿಂದಕ್ಕೆ ಕೊಡುತ್ತದೆ. ಬಹಳಷ್ಟು ಕಟ್ಟಡಗಳಲ್ಲಿ ಆ ವಿದ್ಯುತ್ತನ್ನು ಮೆಷಿನ್ ರೂಮಿನ ಒಂದು ರೆಸಿಸ್ಟರಿನಲ್ಲಿ ಸುಮ್ಮನೆ ಕಾಯಿಸಿ ಕಳೆಯುತ್ತಾರೆ. ಕೆಲವು ಹೊಸ ಕಟ್ಟಡಗಳಲ್ಲಿ ಮಾತ್ರ ಅದು ಕಟ್ಟಡದ ಬೇರೆ ಬಳಕೆಗೆ ಮರಳುತ್ತದೆ. ಇದು ಮುಂದೆ ಹೆಚ್ಚಬೇಕಾದ ಪದ್ಧತಿ ಎಂದು ನನ್ನ ಅಭಿಪ್ರಾಯ.

ಹಗ್ಗದ ತೂಕವನ್ನು ಏಕೆ ಬಿಟ್ಟಿರಿ ಎಂದು ಚುರುಕಾದ ಓದುಗರು ಕೇಳಬಹುದು. ಹತ್ತು ಮಹಡಿಯ ಕಟ್ಟಡದಲ್ಲಿ ಅದು ಕೆಲವು ಹತ್ತು ಕೆ.ಜಿ.ಯ ಮಾತು, ಬಿಟ್ಟರೆ ನಡೆಯುತ್ತದೆ. ಗಣಿಯಲ್ಲಿ ನಡೆಯುವುದಿಲ್ಲ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚುವ ಹೊತ್ತಿಗೆ ಹಂತ ಹಂತವಾಗಿ 3 ಕಿ.ಮೀ.ಗೂ ಹೆಚ್ಚು ಆಳ ತಲುಪಿದ್ದವು. ಅಂಥಲ್ಲಿ ಸಾವಿರ ಮೀಟರಿನ ಒಂದೇ ಬಾವಿಗೆ, ಮೀಟರಿಗೆ 5 ಕೆ.ಜಿ. ತೂಗುವ ಹಗ್ಗವೆಂದರೂ, ಹಗ್ಗವೇ 5 ಟನ್. ಪಂಜರ, ಅಂದರೆ ಗಣಿಯ ಲಿಫ್ಟಿನ ಕ್ಯಾಬಿನ್, ಕೆಳಗಿದ್ದಾಗ ಆ ಐದು ಟನ್ ಒಂದು ಬದಿ, ಮೇಲೆ ಬಂದಾಗ ಇನ್ನೊಂದು ಬದಿ. ವ್ಯತ್ಯಾಸದ ಸಾಲು ಪ್ರಯಾಣದುದ್ದಕ್ಕೂ ಬದಲಾಗುತ್ತಲೇ ಇರುತ್ತದೆ. ಪಂಜರಗಳ ಅಡಿಯಿಂದ ಇನ್ನೊಂದು ಹಗ್ಗವನ್ನು ಇಳಿಬಿಟ್ಟು ಎರಡೂ ಬದಿಯನ್ನು ಸಮ ಮಾಡುವ ಉಪಾಯವಿದೆ. ಎತ್ತರದ ಕಟ್ಟಡಗಳ ಲಿಫ್ಟುಗಳಲ್ಲಿ ಅದೇ ಕೆಲಸಕ್ಕೆ ಸರಪಳಿ ಹಾಕುತ್ತಾರೆ. ತೂಕ ಸಮವಾಯಿತು, ನಿಜ. ಮೊತ್ತದ ಸಾಲು ಮಾತ್ರ ಇನ್ನಷ್ಟು ಬೆಳೆಯಿತು.

ಈಗ ಮೋಟಾರಿನ ಬಳಿಗೆ ಹೋಗೋಣ. ರಾಟೆಯಲ್ಲಿ 735 ನ್ಯೂಟನ್-ಮೀಟರ್ ಬೇಕೆಂದೆವು. ಅಷ್ಟು ಟಾರ್ಕನ್ನು ನೇರವಾಗಿ ಕೊಡುವ ಸಾಧಾರಣ ಮೋಟಾರು ತುಂಬ ದೊಡ್ಡದಾಗುತ್ತದೆ. ನಮ್ಮಲ್ಲಿ ಹೊಲದ ಪಂಪಿಗೂ ಹಿಟ್ಟಿನ ಗಿರಣಿಗೂ ಬಳಸುವ ಮೋಟಾರು 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ ಸುಮಾರು 1,440 ಸುತ್ತು ತಿರುಗುವಂಥದು. ಲಿಫ್ಟಿನ ರಾಟೆಗೆ ಸೆಕೆಂಡಿಗೆ 1 ಮೀಟರ್ ಹಗ್ಗ ಎಳೆಯಲು ನಿಮಿಷಕ್ಕೆ 48 ಸುತ್ತು ಸಾಕು. ನಡುವೆ ಗೇರು ಹಾಕಿ 30 ಸುತ್ತನ್ನು 1 ಸುತ್ತಿಗೆ ಇಳಿಸಿದರೆ ವೇಗ ಮೂವತ್ತರಲ್ಲೊಂದು ಪಾಲಾಗುತ್ತದೆ, ಟಾರ್ಕ್ ಮೂವತ್ತು ಪಟ್ಟಾಗುತ್ತದೆ. ಗೇರು ಶಕ್ತಿಯನ್ನು ಹುಟ್ಟಿಸುವುದಿಲ್ಲ, ವೇಗವನ್ನು ಕೊಟ್ಟು ಟಾರ್ಕನ್ನು ಪಡೆಯುವ ವಿನಿಮಯ ಮಾಡುತ್ತದೆ ಅಷ್ಟೆ.

ಆ ವಿನಿಮಯಕ್ಕೆ ಕಮಿಷನ್ನೂ ಉಂಟು. ಹಳೆಯ ಲಿಫ್ಟುಗಳ ವರ್ಮ್ ಗೇರಿನಲ್ಲಿ, ಅಂದರೆ ತಿರುಪಿನಂಥ ದಂಡವೊಂದು ಹಲ್ಲಿನ ಚಕ್ರವನ್ನು ತಳ್ಳುತ್ತ ತಿರುಗಿಸುವ ಗೇರಿನಲ್ಲಿ, ಹಲ್ಲುಗಳು ಒಂದರ ಮೇಲೊಂದು ಜಾರುತ್ತವೆ, ಘರ್ಷಣೆ ಹೆಚ್ಚು. ನೂರರಲ್ಲಿ 60 ಪಾಲು ಮಾತ್ರ ಆಚೆ ಬರುತ್ತದೆ ಎಂದು ಹಿಡಿಯೋಣ. 735ನ್ನು 30ರಿಂದ ಭಾಗಿಸಿದರೆ 24.5; ಅದನ್ನು 0.6ರಿಂದ ಭಾಗಿಸಿದರೆ ಸುಮಾರು 41. ಇದು ಹೊರಡುವಾಗ ಮೋಟಾರು ಕೊಡಬೇಕಾದದ್ದು. ಓಡುವಾಗ 533ಕ್ಕೆ ಹಾಗೇ ಲೆಕ್ಕ ಹಾಕಿದರೆ ಸುಮಾರು 30.

ಯಾವ ಮೋಟಾರು ಸಾಕು? ಮೋಟಾರಿನ ಫಲಕದಲ್ಲಿ ಟಾರ್ಕನ್ನು ಬರೆದಿರುವುದು ಅಪರೂಪ, ಕಿಲೋವ್ಯಾಟ್ ಮತ್ತು ಸುತ್ತುಗಳನ್ನು ಬರೆದಿರುತ್ತಾರೆ. ಅದರಿಂದ ಟಾರ್ಕನ್ನು ಹೊರಡಿಸುವುದು ಸುಲಭ. ನಿಮಿಷಕ್ಕೆ 1,440 ಸುತ್ತೆಂದರೆ ಸೆಕೆಂಡಿಗೆ 24. ಒಂದು ಸುತ್ತಿಗೆ 6.28 ರೇಡಿಯನ್ (ಇದು ಕೋನವನ್ನು ಅಳೆಯುವ ಒಂದು ಮಾನ), ಹಾಗಾಗಿ ಸೆಕೆಂಡಿಗೆ ಸುಮಾರು 151 ರೇಡಿಯನ್. ವ್ಯಾಟ್ ಸಂಖ್ಯೆಯನ್ನು ಇದರಿಂದ ಭಾಗಿಸಿ. 5 ಅಶ್ವಶಕ್ತಿಯ, ಅಂದರೆ 3.7 ಕಿಲೋವ್ಯಾಟ್ ಮೋಟಾರಿಗೆ 24.5 ಬರುತ್ತದೆ, ಸಾಲದು. ಏಳೂವರೆ ಅಶ್ವಶಕ್ತಿಯ 5.5 ಕಿಲೋವ್ಯಾಟ್ ಮೋಟಾರಿಗೆ 36.5. ಓಡುವಾಗಿನ 30ಕ್ಕೆ ಇದು ನಿರಾಳ. ಹೊರಡುವಾಗಿನ 41 ಇದನ್ನು ಮೀರುತ್ತದಲ್ಲ ಎಂದರೆ, ಚಿಂತೆಯಿಲ್ಲ. ಈ ಬಗೆಯ ಮೋಟಾರು ಕೆಲವು ಸೆಕೆಂಡಿನ ಮಟ್ಟಿಗೆ ತನ್ನ ನಿಗದಿತ ಟಾರ್ಕಿನ ಎರಡು ಪಟ್ಟನ್ನಾದರೂ ಕೊಡಬಲ್ಲದು. ಬಹಳ ಹೊತ್ತು ಹಾಗೆ ದುಡಿಸಿದರೆ ವೈಂಡಿಂಗ್ ಸುಡುತ್ತದೆ.

ಇಲ್ಲಿಗೆ ಮುಗಿಯಿತು ಎಂದುಕೊಳ್ಳುವಾಗಲೇ ನನಗೆ ಬಹಳ ಇಷ್ಟವಾದ ಭಾಗ ಶುರುವಾಗುತ್ತದೆ. ಮೋಟಾರು ಕ್ಯಾಬಿನ್ನನ್ನೂ ಕೌಂಟರ್‌ವೇಟನ್ನೂ ಹೊರಡಿಸುವುದರ ಜೊತೆಗೆ ತನ್ನನ್ನೂ ಹೊರಡಿಸಿಕೊಳ್ಳಬೇಕು. ಮೋಟಾರಿನೊಳಗೆ ತಿರುಗುವ ಕಬ್ಬಿಣದ ದಿಂಡಿಗೆ ರೋಟರ್ ಎಂದು ಹೆಸರು. ಈ ಗಾತ್ರದ ಮೋಟಾರಿನಲ್ಲಿ ಅದು ಒಬ್ಬರೇ ಎತ್ತಿಡಬಹುದಾದಷ್ಟು ಭಾರ. ಎರಡು ಟನ್ ಚಲಿಸುವ ಲಿಫ್ಟಿನಲ್ಲಿ ಅದಕ್ಕೇನು ಲೆಕ್ಕ ಎನಿಸುತ್ತದೆ ಅಲ್ಲವೆ?

ತಿರುಗುವ ವಸ್ತುವಿನ ಹಟವನ್ನು ಅದರ ದ್ರವ್ಯರಾಶಿಯಿಂದಷ್ಟೇ ಅಳೆಯಲಾಗದು. ದ್ರವ್ಯರಾಶಿ ಅಕ್ಷದಿಂದ ಎಷ್ಟು ದೂರದಲ್ಲಿ ಹರಡಿದೆ ಎಂಬುದೂ ಮುಖ್ಯ. ದೂರದ ವರ್ಗದಿಂದ ದ್ರವ್ಯರಾಶಿಯನ್ನು ಗುಣಿಸಿ, ಎಲ್ಲವನ್ನೂ ಕೂಡಬೇಕು. ಹೀಗೆ ಬರುವುದು ಜಡತ್ವ ಭ್ರಾಮಕ. ನಮ್ಮ ರೋಟರಿನದು 0.03 ಎಂದುಕೊಳ್ಳಿ, ಮಾನ ಕೆ.ಜಿ.-ಚದರ ಮೀಟರ್. ಸಣ್ಣ ಸಂಖ್ಯೆ. ಆದರೆ ರಾಟೆ ವೇಗ ಪಡೆಯುವ ದರಕ್ಕಿಂತ 30 ಪಟ್ಟು ದರದಲ್ಲಿ ರೋಟರ್ ವೇಗ ಪಡೆಯಬೇಕು; ಹಾಗಾಗಿ ಅದು ಕೇಳುವ ಟಾರ್ಕ್ 30 ಪಟ್ಟು. ಆ ಟಾರ್ಕನ್ನು ರಾಟೆಯ ಕಡೆಯಿಂದ ನೋಡಿದರೆ ಗೇರಿನಿಂದಾಗಿ ಇನ್ನೊಮ್ಮೆ 30 ಪಟ್ಟು. ಮೂವತ್ತು ಮೂವತ್ತಲಿ ಒಂಬೈನೂರು. 0.03ನ್ನು 900ರಿಂದ ಗುಣಿಸಿ: 27. ಇದನ್ನು ಹಗ್ಗದಲ್ಲಿ ತೂಗುವ ದ್ರವ್ಯರಾಶಿಗೆ ಪರಿವರ್ತಿಸಲು ತ್ರಿಜ್ಯದ ವರ್ಗದಿಂದ, ಅಂದರೆ 0.04ರಿಂದ ಭಾಗಿಸಿ. 675 ಕೆ.ಜಿ.!

ಒಬ್ಬರೇ ಎತ್ತಬಹುದಾದ ರೋಟರ್, ವೇಗ ಏರಿಸುವ ವಿಷಯದಲ್ಲಿ, ಇಡೀ ಕ್ಯಾಬಿನ್ನಿಗಿಂತ ಹೆಚ್ಚು ಹಟಮಾರಿ. ಎಂಟು ಜನ ಪ್ರಯಾಣಿಕರಿಗಿಂತಲೂ ಹೆಚ್ಚು. ಗೇರನ್ನು ಹೆಚ್ಚಿಸಿದರೆ ವೇಗೋತ್ಕರ್ಷ ಹೆಚ್ಚುತ್ತಲೇ ಹೋಗುತ್ತದೆ ಎಂಬ ಎಣಿಕೆ ಏಕೆ ಕೈಕೊಡುತ್ತದೆ ಎಂಬುದು ಇಲ್ಲಿ ತಿಳಿಯುತ್ತದೆ. ಗೇರಿನ ಅನುಪಾತ ಇಮ್ಮಡಿಯಾದರೆ ಟಾರ್ಕ್ ಇಮ್ಮಡಿ, ಆದರೆ ರೋಟರಿನ ಹಟ ನಾಲ್ಮಡಿ. ಒಂದು ಹಂತದ ಆಚೆಗೆ ಮೋಟಾರು ತನ್ನನ್ನು ತಾನೇ ತಿರುಗಿಸಿಕೊಳ್ಳುವುದರಲ್ಲಿ ಸುಸ್ತಾಗುತ್ತದೆ. ಕ್ಷಣ ಕ್ಷಣಕ್ಕೂ ಹೊರಟು ನಿಲ್ಲುವ ರೋಬಾಟ್ ತೋಳುಗಳಿಗೆ ಸಣಕಲು ರೋಟರಿನ ಮೋಟಾರುಗಳನ್ನು ಆರಿಸುವುದು ಇದೇ ಕಾರಣಕ್ಕೆ.

ತಿರುಗುವ ವಸ್ತುವಿನ ಈ ಹಟವನ್ನೇ ಬೇಕೆಂದು ಬಳಸಿಕೊಂಡದ್ದೂ ಉಂಟು. ಹಳೆಯ ಎರಡು ವೇಗದ ಲಿಫ್ಟುಗಳ ಮೆಷಿನ್ ರೂಮಿಗೆ ಹೋದರೆ ಮೋಟಾರಿನ ಹಿಂಬದಿಯ ದಂಡಕ್ಕೆ ದಪ್ಪನೆಯ ಕಬ್ಬಿಣದ ಚಕ್ರ ಕೂರಿಸಿರುವುದನ್ನು ನೋಡುತ್ತೀರಿ. ಕರೆಂಟು ಹೋದಾಗ ಕೈಯಿಂದ ತಿರುಗಿಸಿ ಲಿಫ್ಟನ್ನು ಮಹಡಿಗೆ ತರಲು ಅದು ಬೇಕು ನಿಜ, ಆದರೆ ಅಷ್ಟಕ್ಕೇ ಅಷ್ಟು ಭಾರ ಬೇಕಿರಲಿಲ್ಲ. ಆ ಕಾಲದ ಮೋಟಾರಿಗೆ ವಿದ್ಯುತ್ತು ಕೊಟ್ಟೊಡನೆ ಅದು ತನ್ನ ಸ್ವಭಾವದಂತೆ ಇಷ್ಟು ಟಾರ್ಕ್ ಎಂದು ಕೊಟ್ಟುಬಿಡುತ್ತಿತ್ತು. ಖಾಲಿ ಲಿಫ್ಟು ಮೇಲೆ ಹೊರಟರೆ ಕೌಂಟರ್‌ವೇಟ್ ಬೇರೆ ಸಹಾಯ ಮಾಡುತ್ತಿತ್ತು. ಮಿಕ್ಕ ಟಾರ್ಕ್ ಬಹಳ, ಹೊರಡುವಾಗ ಮೊಣಕಾಲು ಕುಸಿಯುವಂಥ ನೂಕು. ತುಂಬಿದ ಲಿಫ್ಟು ಹೊರಟರೆ ಮಿಕ್ಕದ್ದು ಸ್ವಲ್ಪ, ನಿಧಾನ. ಭಾರದ ಚಕ್ರ ಕೂರಿಸಿ ಒಟ್ಟು ಹಟವನ್ನೇ ಹೆಚ್ಚಿಸಿದರೆ ಎರಡು ಸಂದರ್ಭಗಳ ಅಂತರ ತಗ್ಗುತ್ತಿತ್ತು. ನಿಲ್ಲುವಾಗಲೂ ಇದೇ ಪಾಡು: ಅದೇ ಬ್ರೇಕು, ಬೇರೆ ಬೇರೆ ಹೊರೆ. ಹಳೆಯ ಲಿಫ್ಟು ಒಮ್ಮೆ ಮಹಡಿಗಿಂತ ಎರಡು ಬೆರಳು ಮೇಲೆ, ಇನ್ನೊಮ್ಮೆ ಎರಡು ಬೆರಳು ಕೆಳಗೆ ನಿಲ್ಲುತ್ತಿದ್ದದ್ದು, ನೀವು ಎಡವುತ್ತಿದ್ದದ್ದು ಇದರಿಂದಲೇ.

ಇಂದಿನ ಲಿಫ್ಟುಗಳಲ್ಲಿ ಮೋಟಾರಿಗೂ ವಿದ್ಯುತ್ತಿಗೂ ನಡುವೆ ಡ್ರೈವ್ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೂತಿದೆ. ಮೋಟಾರಿಗೆ ಹೋಗುವ ವಿದ್ಯುತ್ತಿನ ವೋಲ್ಟೇಜನ್ನೂ ಆವರ್ತನವನ್ನೂ, ಅಂದರೆ ಸೆಕೆಂಡಿಗೆ ವಿದ್ಯುತ್ತು ಎಷ್ಟು ಸಲ ಅತ್ತ ಹೋಗಿ ಇತ್ತ ಬಂದು ಒಂದು ಆವರ್ತ ಮುಗಿಸುತ್ತದೆ ಎಂಬುದನ್ನೂ, ಡ್ರೈವ್ ಬೇಕಾದಂತೆ ಬದಲಿಸುತ್ತದೆ. ಲೆಕ್ಕದ ದಿಕ್ಕೇ ಇಲ್ಲಿ ತಿರುಗಿತು. ಮೊದಲು ಟಾರ್ಕ್ ನಿಶ್ಚಿತ, ವೇಗೋತ್ಕರ್ಷ ಹೊರೆಗೆ ತಕ್ಕಂತೆ. ಈಗ ವೇಗೋತ್ಕರ್ಷ ನಿಶ್ಚಿತ, ಅದಕ್ಕೆ ಎಷ್ಟು ಟಾರ್ಕ್ ಬೇಕೋ ಅಷ್ಟನ್ನು ಡ್ರೈವ್ ಮೋಟಾರಿನಿಂದ ಹೊರಡಿಸುತ್ತದೆ. ಕೆಲವು ಲಿಫ್ಟುಗಳಲ್ಲಿ ಕ್ಯಾಬಿನ್ನಿನ ಅಡಿಯಲ್ಲಿ ತೂಕ ಅಳೆಯುವ ಸಾಧನವಿದ್ದು, ಒಳಗಿನ ಹೊರೆ ಎಷ್ಟೆಂದು ಡ್ರೈವ್ ಬಾಗಿಲು ಮುಚ್ಚುವಾಗಲೇ ತಿಳಿದುಕೊಂಡು, ಬ್ರೇಕ್ ಬಿಡುವ ಮುನ್ನವೇ ಸರಿಯಾದಷ್ಟು ಟಾರ್ಕನ್ನು ಮೋಟಾರಿನಲ್ಲಿ ತುಂಬಿಸಿಡುತ್ತದೆ. ಹಾಗಿಲ್ಲದಿದ್ದರೆ ಬ್ರೇಕ್ ‘ಟಕ್’ ಎಂದು ಬಿಟ್ಟ ಕ್ಷಣ ಲಿಫ್ಟು ಭಾರದ ಕಡೆಗೆ ಕೂದಲೆಳೆಯಷ್ಟು ಜಾರಿ ಆಮೇಲೆ ಹೊರಡುತ್ತದೆ. ಗಮನವಿಟ್ಟರೆ ಕೆಲವು ಲಿಫ್ಟುಗಳಲ್ಲಿ ಈ ಜಾರುವಿಕೆ ಕಾಲಿಗೆ ತಿಳಿಯುತ್ತದೆ.

ವೇಗೋತ್ಕರ್ಷವನ್ನು ನೀವೇ ಅಳೆಯಬಹುದು. ಮುಳ್ಳು ತಿರುಗುವ ಹಳೆಯ ಬಗೆಯ ತೂಕದ ಯಂತ್ರವೊಂದನ್ನು ಲಿಫ್ಟಿನೊಳಗೆ ಒಯ್ದು ಅದರ ಮೇಲೆ ನಿಲ್ಲಿ. ಅಂಕಿ ತೋರಿಸುವ ಡಿಜಿಟಲ್ ಯಂತ್ರ ಅಷ್ಟು ಬೇಗ ಬದಲಾಗದು. ನಿಮ್ಮ ತೂಕ 60 ಕೆ.ಜಿ. ಆಗಿದ್ದರೆ, ಮೇಲೆ ಹೊರಡುವಾಗ ನಿಮ್ಮ ದೇಹದ ವೇಗವನ್ನೂ ಏರಿಸಲು 60 ಗುಣಿಸು 0.5, ಅಂದರೆ 30 ನ್ಯೂಟನ್ ಹೆಚ್ಚು ಬೇಕು. ಆ ಬಲ ನಿಮ್ಮ ಪಾದದ ಮೂಲಕವೇ ಬರಬೇಕು. ಮುಳ್ಳು ಎರಡು ಸೆಕೆಂಡು 63ರ ಬಳಿ ಹೋಗಿ 60ಕ್ಕೆ ಮರಳುತ್ತದೆ. ಮೇಲೆ ನಿಲ್ಲುವಾಗ 57ಕ್ಕೆ ಇಳಿಯುತ್ತದೆ. ಅಕ್ಕಪಕ್ಕದವರು ವಿಚಿತ್ರವಾಗಿ ನೋಡಿದರೆ ನೋಡಲಿ.

ಕೊನೆಯದಾಗಿ ಒಂದು ಲೆಕ್ಕ. ನಮ್ಮ ಲಿಫ್ಟಿನಲ್ಲಿ ಮೂವರು ಮೇಲೆ ಹೊರಟಿದ್ದಾರೆ. ಘರ್ಷಣೆ ಬಿಡಿ, ರೋಟರಿನ 675 ಕೆ.ಜಿ.ಯನ್ನು ಮಾತ್ರ ಬಿಡಬೇಡಿ. ಮೋಟಾರು ಎಳೆಯುತ್ತದೆಯೋ ತಡೆಯುತ್ತದೆಯೋ? ಹಾಳೆಯ ಮೇಲೆ ನೀವೇ ಮಾಡಿ, ಆಮೇಲೆ ಮುಂದೆ ಓದಿ.

ಮೂವರೆಂದರೆ 204 ಕೆ.ಜಿ.; ಕ್ಯಾಬಿನ್ ಬದಿ 804, ಕೌಂಟರ್‌ವೇಟ್ 872. ವ್ಯತ್ಯಾಸ 68, ಅದು ಸಹಾಯ ಮಾಡುವ ಕಡೆಗೆ: 666 ನ್ಯೂಟನ್. ಮೊತ್ತ 804, 872, 675 ಸೇರಿ 2,351. ಅರ್ಧದಿಂದ ಗುಣಿಸಿದರೆ ಸುಮಾರು 1,175 ನ್ಯೂಟನ್. ಕೌಂಟರ್‌ವೇಟ್ ಕೊಡುವ 666 ಸಾಲದು, ಮಿಕ್ಕ 509ನ್ನು ಮೋಟಾರು ಎಳೆಯಬೇಕು. ಎರಡು ಸೆಕೆಂಡು ಕಳೆಯಿತು, ವೇಗ ಪೂರ್ಣವಾಯಿತು, 1,175 ಸೊನ್ನೆಯಾಯಿತು. ಆ 666 ಮಾತ್ರ ಹಾಗೇ ಇದೆ. ಅಲ್ಲಿಯವರೆಗೆ ಎಳೆಯುತ್ತಿದ್ದ ಮೋಟಾರು ಅಲ್ಲಿಂದಾಚೆಗೆ ತಡೆಯತೊಡಗುತ್ತದೆ. ಒಳಗಿರುವ ಮೂವರಲ್ಲಿ ಒಬ್ಬರು ಇಳಿದು ಇಬ್ಬರೇ ಆದರೆ ಹೊರಡುವಾಗಲೂ ಅದು ಎಳೆಯಬೇಕಾಗಿಲ್ಲ. ಈ ಎರಡನೆಯದರ ಸಂಖ್ಯೆಗಳನ್ನು ನಿಮಗೇ ಬಿಟ್ಟಿದ್ದೇನೆ.